ಮೂವತ್ತು ಕಿಲೋಮೀಟರ್ ಅಂದರೆ ಎಷ್ಟು ಚಾಮುಂಡಿ ಬೆಟ್ಟ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ದಿನಾ ಬೆಳಗ್ಗೆ ಓಡುವ ಒಬ್ಬರನ್ನು ತೆಗೆದುಕೊಳ್ಳಿ. 30 ಕಿಲೋಮೀಟರ್ ರಸ್ತೆ ಓಟವನ್ನು ಅವರು ಮೂರು ಗಂಟೆಯಲ್ಲಿ ಮುಗಿಸುತ್ತಾರೆ. ಅವರೇ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ಮಲ್ನಾಡ್ ಅಲ್ಟ್ರಾ ಎಂಬ ಬೆಟ್ಟದ ಓಟಕ್ಕೋ, ಪುಣೆ ಪಕ್ಕದ ಸಿಂಹಗಡ, ರಾಜಗಡ, ತೋರಣಾ ಕೋಟೆಗಳ ದಾರಿಗೋ ಹೋಗಿ ಅಷ್ಟೇ ದೂರ ಓಡಿದರೆ ಐದು ಗಂಟೆ ಹಿಡಿಯಬಹುದು, ಆರೂ ಆಗಬಹುದು. ಅವರಿಗೆ ಏನೂ ಆಗಿಲ್ಲ. ಕಾಲು ಅವೇ, ದೂರವೂ ಅದೇ. ಬದಲಾಗಿರುವುದು ಲೆಕ್ಕ.

ಬೆಟ್ಟದ ಓಟಕ್ಕೆ ಹೊಸದಾಗಿ ಬರುವವರು ಸುಸ್ತಾಗುವುದು, ಕಾಲು ಉಳುಕಿಸಿಕೊಳ್ಳುವುದು, ಅರ್ಧ ದಾರಿಯಲ್ಲಿ ಬೇಜಾರಾಗಿ ಕೂರುವುದು ಎಲ್ಲ ಬಹುಪಾಲು ಈ ಒಂದೇ ಕಾರಣಕ್ಕೆ. ರಸ್ತೆಯ ಲೆಕ್ಕವನ್ನು ಬೆಟ್ಟಕ್ಕೆ ಹೊತ್ತುಕೊಂಡು ಬಂದಿರುತ್ತಾರೆ. ಅದನ್ನು ಕೆಳಗೇ ಇಟ್ಟು ಹತ್ತಿದವರಿಗೆ ಮಾತ್ರ ಇದರ ಖುಷಿ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಎರಡು ಮಾತು. ಟ್ರೈಲ್ ರನ್ನಿಂಗ್ ಅಂದರೆ ಡಾಂಬರು ಇಲ್ಲದ ದಾರಿಯಲ್ಲಿ ಓಡುವುದು. ಕಾಡಿನ ಕಾಲುದಾರಿ, ಗುಡ್ಡದ ಬಂಡೆ, ತೋಟದ ಮಣ್ಣು ರಸ್ತೆ, ನಾಲೆ ಏರಿ, ಗದ್ದೆ ಬದು ಎಲ್ಲವೂ ಇದರಲ್ಲಿ ಸೇರುತ್ತವೆ. ಅದರಲ್ಲೇ ಏರಿಳಿತ ಜಾಸ್ತಿ ಇದ್ದರೆ ಬೆಟ್ಟದ ಓಟ. ಮಂಡ್ಯ ಕಡೆಯವರಿಗೆ ಇದರಲ್ಲಿ ಹೊಸದೇನಿದೆ ಅನ್ನಿಸಬಹುದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಸ್ಕೂಲಿಗೆ ಓಡಿದವರು ಅಲ್ಲಿ ಊರಿಗೊಬ್ಬರು ಸಿಗುತ್ತಾರೆ. ಪಾಂಡವಪುರದ ಕಡೆ ಬಣ್ಣಬಣ್ಣದ ಶೂ ಹಾಕಿಕೊಂಡು ಗುಡ್ಡದ ಬುಡದಲ್ಲಿ ಓಡುತ್ತಾ ಹೋದರೆ ಕುರಿ ಮೇಯಿಸುವ ಅಜ್ಜ, "ಯಾಕಪ್ಪಾ, ಯಾರಾದ್ರೂ ಅಟ್ಟುಸ್ಕಂಡ್ ಬತ್ತಾವ್ರಾ?" ಅಂತ ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ.

ಈಗ ಲೆಕ್ಕ. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಸೂತ್ರ ಕೊಟ್ಟರು. ಮೂರು ಮೈಲಿ ನಡಿಗೆಗೆ ಒಂದು ಗಂಟೆ. ಅದರ ಮೇಲೆ, ದಾರಿಯಲ್ಲಿ ಸಿಗುವ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಇದನ್ನು ಬಿಡಿಸಿ ನೋಡಿದರೆ ಒಂದು ಮೀಟರ್ ಮೇಲೆ ಹತ್ತುವುದು ಸಮತಟ್ಟಿನಲ್ಲಿ ಸುಮಾರು ಎಂಟು ಮೀಟರ್ ಹೋದದ್ದಕ್ಕೆ ಸಮ. ನೂರಕ್ಕೂ ಹೆಚ್ಚು ವರ್ಷದ ನಂತರವೂ ಬೆಟ್ಟ ಹತ್ತುವವರು ಈ ಸೂತ್ರವನ್ನು ಬಿಟ್ಟಿಲ್ಲ. 2013ರಲ್ಲಿ ಶುರುವಾದ ಅಂತರರಾಷ್ಟ್ರೀಯ ಟ್ರೈಲ್ ರನ್ನಿಂಗ್ ಸಂಘ, ಅಂದರೆ ಇಟ್ರಾ, ಇನ್ನೂ ಸುಲಭದ ಲೆಕ್ಕ ಇಟ್ಟುಕೊಂಡಿದೆ. ಪ್ರತಿ 100 ಮೀಟರ್ ಏರಿಗೆ ಒಂದು ಕಿಲೋಮೀಟರ್ ಕೂಡಿಸಿ. ಬಂದ ಮೊತ್ತವೇ ಆ ಓಟದ 'ಶ್ರಮದ ಕಿಲೋಮೀಟರ್'. ರೇಸ್‌ಗಳನ್ನು ಚಿಕ್ಕದು, ದೊಡ್ಡದು ಅಂತ ಇಟ್ರಾ ವಿಂಗಡಿಸುವುದು ಈ ಮೊತ್ತದ ಮೇಲೆಯೇ ಹೊರತು ಬರೀ ದೂರದ ಮೇಲೆ ಅಲ್ಲ.

ಮೈಸೂರಿನವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಕಣ್ಣೆದುರೇ ಒಂದು ಅಳತೆ ಇದೆ. ಚಾಮುಂಡಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1060 ಮೀಟರ್ ಎತ್ತರ. ಊರು ಇರುವುದು ಸುಮಾರು 760 ಮೀಟರ್‌ನಲ್ಲಿ. ವ್ಯತ್ಯಾಸ 300 ಮೀಟರ್. ಇದನ್ನು 'ಒಂದು ಚಾಮುಂಡಿ' ಅಂತ ಇಟ್ಟುಕೊಳ್ಳೋಣ. ಬೆಟ್ಟ ಒಂದು ಸಲ ಹತ್ತಿ ಇಳಿದು, ಒಟ್ಟು 10 ಕಿ.ಮೀ. ಓಡಿದರೆ ಅದು 13 ಶ್ರಮದ ಕಿಲೋಮೀಟರ್. ಸ್ವಿಟ್ಜರ್ಲೆಂಡಿನಲ್ಲಿ 1974ರಿಂದ ನಡೆಯುತ್ತಿರುವ ಸಿಯೆರ್-ಜಿನಾಲ್ ಓಟದ ದೂರ 31 ಕಿ.ಮೀ., ಏರು ಸುಮಾರು 2200 ಮೀಟರ್. ಏಳು ಚಾಮುಂಡಿಗೂ ಜಾಸ್ತಿ. ಮೊತ್ತ 53. ಅಂದರೆ 31 ಅಂತ ಹೇಳಿ ನಿಮ್ಮ ಕೈಯಲ್ಲಿ ಮ್ಯಾರಥಾನಿಗಿಂತ ಹೆಚ್ಚು ಓಡಿಸುವ ರೇಸ್ ಅದು.

ಈ ಲೋಕದ ದೊಡ್ಡ ಹಬ್ಬ ಯುಟಿಎಂಬಿ. ಫ್ರಾನ್ಸಿನ ಶಾಮೊನಿ ಊರಿನಿಂದ ಹೊರಟು, ಇಟಲಿ, ಸ್ವಿಟ್ಜರ್ಲೆಂಡ್ ದಾಟಿ, ಮೋಂ ಬ್ಲಾಂ ಪರ್ವತವನ್ನು ಒಂದು ಸುತ್ತು ಹಾಕಿ ವಾಪಸ್ ಬರಬೇಕು. ಸುಮಾರು 170 ಕಿ.ಮೀ. ದೂರ, 10,000 ಮೀಟರ್ ಏರು. ಮೂವತ್ತಮೂರು ಚಾಮುಂಡಿ! ಕೊಡುವ ಸಮಯ 46 ಗಂಟೆ 30 ನಿಮಿಷ. 2003ರಲ್ಲಿ ಮೊದಲ ಸಲ ನಡೆದಾಗ ಸುಮಾರು 700 ಜನ ಹೊರಟರು. ಹವಾಮಾನ ಕೆಟ್ಟಿತು. ಪೂರ್ತಿ ಸುತ್ತು ಮುಗಿಸಿದವರು 67 ಜನ ಮಾತ್ರ. ಗೆದ್ದವರು ನೇಪಾಳ ಮೂಲದ ದಾವಾ ಶೆರ್ಪಾ, ಸುಮಾರು 20 ಗಂಟೆಯಲ್ಲಿ.

ಇಷ್ಟು ದೊಡ್ಡ ಏರನ್ನು ಅವರೆಲ್ಲ ಓಡಿಕೊಂಡೇ ಹತ್ತುತ್ತಾರಾ? ಇಲ್ಲ. ಹೊಸಬರಿಗೆ ಒಪ್ಪಿಕೊಳ್ಳಲು ಕಷ್ಟವಾಗುವ ಮೊದಲ ವಿಷಯ ಇದೇ. ಬೆಟ್ಟದ ಓಟದಲ್ಲಿ ನಡೆಯುವುದು ಸೋಲಲ್ಲ, ಅದೂ ಒಂದು ಪಟ್ಟು. ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಮತಟ್ಟಿನಲ್ಲಿ ಒಂದು ಮೀಟರ್ ಓಡಲು ಮೈ ಎಷ್ಟು ಶಕ್ತಿ ಖರ್ಚು ಮಾಡುತ್ತದೋ, ನೂರು ಹೆಜ್ಜೆಗೆ ನಲವತ್ತೈದು ಮೇಲೇರುವಂಥ ಕಡಿದಾದ ಏರಿನಲ್ಲಿ ಅದರ ಐದು ಪಟ್ಟಿಗೂ ಜಾಸ್ತಿ ಬೇಕು. ಅಂಥ ಕಡೆ ಓಡಿದರೂ ನಡೆದರೂ ಮುಂದೆ ಹೋಗುವ ವೇಗದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಖರ್ಚು ಮಾತ್ರ ನಡಿಗೆಯಲ್ಲಿ ಕಮ್ಮಿ. ಅದಕ್ಕೇ ಗೆಲ್ಲುವವರೂ ಕಡಿದಾದ ಏರು ಬಂದಾಗ ಸೊಂಟ ಬಗ್ಗಿಸಿ, ಎರಡೂ ಅಂಗೈ ತೊಡೆ ಮೇಲೆ ಒತ್ತಿ, ಬಿರಬಿರನೆ ನಡೆಯುತ್ತಾರೆ.

ಯಾವಾಗ ಓಟ ಬಿಟ್ಟು ನಡಿಗೆಗೆ ಇಳಿಯಬೇಕು? ವಾಚು ನೋಡಬೇಡಿ. ಮಾತಾಡಿ ನೋಡಿ. ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿಲ್ಲ, ಪದ ಪದಕ್ಕೂ ಉಸಿರು ಬೇಕು ಅಂದರೆ ನಡೆಯುವ ಹೊತ್ತು ಬಂತು. ಏದುಸಿರು ಬಂದ ಮೇಲೆ ನಿಂತು ಸುಧಾರಿಸಿಕೊಳ್ಳುವುದಕ್ಕಿಂತ ಅದು ಬರುವ ಮೊದಲೇ ನಡೆಯುವುದು ಜಾಣತನ. ಜಿಪಿಎಸ್ ವಾಚು ತೋರಿಸುವ 'ಕಿಲೋಮೀಟರಿಗೆ ಎಷ್ಟು ನಿಮಿಷ' ಎಂಬ ಅಂಕಿಗೆ ಇಲ್ಲಿ ಬೆಲೆಯೇ ಇಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಅದು 18 ನಿಮಿಷ ಅಂತ ತೋರಿಸಿ ಅವಮಾನ ಮಾಡುತ್ತದೆ. ಅದನ್ನು ಒಪ್ಪದೆ ಹಟ ಹಿಡಿದವರು ದಾರಿಯ ನಂದಿ ವಿಗ್ರಹದ ಹತ್ತಿರ ಬರುವಷ್ಟರಲ್ಲಿ ಕಂಬಕ್ಕೆ ಒರಗಿಕೊಂಡಿರುತ್ತಾರೆ.

ಹತ್ತುವುದು ಕಷ್ಟ, ಇಳಿಯುವುದು ಸುಲಭ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಿಜವಾದ ಪೆಟ್ಟು ಬೀಳುವುದು ಇಳಿಜಾರಿನಲ್ಲಿ.

ಶಕ್ತಿಯ ಲೆಕ್ಕದಲ್ಲಿ ಇಳಿಯುವುದು ಅಗ್ಗವೇ. ಅದೇ ಅಧ್ಯಯನದ ಪ್ರಕಾರ, ಐದು ಹೆಜ್ಜೆಗೆ ಒಂದು ಹೆಜ್ಜೆ ಇಳಿಯುವಂಥ ಇಳಿಜಾರಿನಲ್ಲಿ ಓಟದ ಖರ್ಚು ಸಮತಟ್ಟಿನ ಅರ್ಧದಷ್ಟು. ಅಲ್ಲಿಂದಾಚೆಗೆ ಇನ್ನೂ ಕಡಿದಾದರೆ ಖರ್ಚು ಮತ್ತೆ ಏರುತ್ತದೆ, ಯಾಕೆಂದರೆ ಬ್ರೇಕ್ ಹಾಕುವುದಕ್ಕೂ ಶಕ್ತಿ ಬೇಕು. ಆದರೆ ತೊಂದರೆ ಇರುವುದು ಶಕ್ತಿಯಲ್ಲಿ ಅಲ್ಲ, ಸ್ನಾಯುಗಳಲ್ಲಿ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಹಿಡಿಯುತ್ತಾ ಹಿಗ್ಗುತ್ತದೆ. ಬಾವಿಯಿಂದ ನೀರು ಸೇದುವಾಗ ಹಗ್ಗ ಎಳೆಯುವುದಕ್ಕಿಂತ, ತುಂಬಿದ ಕೊಡವನ್ನು ಜಾರದಂತೆ ನಿಧಾನಕ್ಕೆ ಕೆಳಗೆ ಬಿಡುವಾಗ ಅಂಗೈ ಉರಿಯುತ್ತದಲ್ಲ, ಹಾಗೆ. ಎಳೆತದ ಜೊತೆ ಹಿಡಿತ ಸೇರಿದಾಗ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ಅವು ಆಗಲೇ ಗೊತ್ತಾಗುವುದಿಲ್ಲ. ಮಾರನೇ ದಿನ ಶುರುವಾಗಿ ಒಂದರಿಂದ ಮೂರು ದಿನದೊಳಗೆ ನೋವು ಜೋರಾಗುತ್ತದೆ. ಭಾನುವಾರ ಖುಷಿಯಾಗಿ ಇಳಿದವರು ಮಂಗಳವಾರ ಮನೆ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಾರೆ.

ಒಳ್ಳೆಯ ಸುದ್ದಿ ಏನೆಂದರೆ ಸ್ನಾಯು ಬೇಗ ಕಲಿಯುತ್ತದೆ. ಒಂದು ಸಲ ಹೀಗೆ ಪೆಟ್ಟು ತಿಂದ ಸ್ನಾಯು ಸುಧಾರಿಸಿಕೊಂಡ ಮೇಲೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ರೇಸಿಗೆ ಎರಡು ಮೂರು ವಾರ ಮೊದಲು ಒಂದು ಉದ್ದದ ಇಳಿಜಾರು ಓಡಿರಬೇಕು. ಎಷ್ಟೋ ಜನ ತಿಂಗಳಾನುಗಟ್ಟಲೆ ಹತ್ತುವುದನ್ನೇ ಅಭ್ಯಾಸ ಮಾಡಿ, ತುದಿಯಿಂದ ಬಸ್ಸು ಹಿಡಿದು ಇಳಿದುಬಿಡುತ್ತಾರೆ. ಬೆಟ್ಟದಲ್ಲಿ ಕಲಿಯಬೇಕಾದ ಅರ್ಧ ಪಾಠ ಅಲ್ಲಿಗೇ ಹೋಯಿತು.

ಇಳಿಯುವ ಕ್ರಮ ಹೇಳುವುದು ಸುಲಭ, ಮೈಗೆ ಬರುವುದು ನಿಧಾನ. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಇಡಿ. ಪಾದ ದೇಹದ ಕೆಳಗೇ ಬೀಳಬೇಕು, ಮುಂದೆ ಚಾಚಬಾರದು. ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಹಿಮ್ಮಡಿ ಊರುತ್ತದೆ, ಹಿಮ್ಮಡಿ ಊರಿದರೆ ಗರಸಿನ ಮೇಲೆ ಜಾರುತ್ತದೆ. ಕೈ ಎರಡೂ ಅಗಲಕ್ಕೆ ಬಿಡಿ, ನೋಡುವವರಿಗೆ ತಮಾಷೆಯಾಗಿ ಕಂಡರೂ ಪರವಾಗಿಲ್ಲ, ತೂಕ ಸರಿಹೋಗುವುದು ಅದರಿಂದಲೇ. ಕಣ್ಣು ಕಾಲಿನ ಮೇಲಲ್ಲ, ನಾಲ್ಕೈದು ಹೆಜ್ಜೆ ಮುಂದಿನ ನೆಲದ ಮೇಲಿರಬೇಕು. ಈಗ ಇಡುವ ಹೆಜ್ಜೆಯನ್ನು ಕಣ್ಣು ಆಗಲೇ ನೋಡಿ ಮುಗಿಸಿರುತ್ತದೆ.

ಇದನ್ನು ಕಲಿಯಲು ಚಾಮುಂಡಿ ಬೆಟ್ಟದ ಮೆಟ್ಟಿಲು ಮಾತ್ರ ಬೇಡ. ದೊಡ್ಡ ದೇವರಾಜ ಒಡೆಯರ ಕಾಲದ, ಅಂದರೆ 17ನೇ ಶತಮಾನದ ಮೆಟ್ಟಿಲುಗಳವು. ಒಂದರಂತೆ ಇನ್ನೊಂದಿಲ್ಲ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಬಗ್ಗಿ ಹತ್ತುತ್ತಿರುತ್ತಾರೆ. ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಕುಂಕುಮ ಸಾಬೂನಿನಷ್ಟೇ ಜಾರುತ್ತದೆ. ಅದಕ್ಕಿಂತ ಮುಖ್ಯ, ಬೇರೆಯವರು ಪೂಜೆ ಮಾಡುವ ಕಡೆ ಮೈಮೇಲೆ ಬೀಳುವ ಹಾಗೆ ದಡದಡ ಇಳಿಯುವುದು ಚೆನ್ನಾಗಿರುವುದಿಲ್ಲ. ಆಷಾಢ ಶುಕ್ರವಾರಗಳಂದು ಅಂತೂ ಬೆಟ್ಟವನ್ನು ಭಕ್ತರಿಗೆ ಬಿಟ್ಟುಬಿಡಿ. ಹತ್ತುವುದಕ್ಕೆ ಮೆಟ್ಟಿಲು ಬಳಸಿ, ಇಳಿಯುವ ಅಭ್ಯಾಸಕ್ಕೆ ಮಣ್ಣಿನ ಇಳಿಜಾರು ಹುಡುಕಿಕೊಳ್ಳಿ.

ನೆಲದ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ಖುಷಿಯ ಗುಟ್ಟು ಇರುವುದೇ ಅಲ್ಲಿ.

ನಮ್ಮ ಕಡೆ ಬೆಟ್ಟಗಳು ಗ್ರಾನೈಟ್ ಮತ್ತು ಅದರ ಬಂಧು ಬಂಡೆಗಳವು. ಒಣಗಿದ ಬಂಡೆ ಶೂವನ್ನು ಗಟ್ಟಿಯಾಗಿ ಹಿಡಿಯುತ್ತದೆ, ನಂಬಿ ಕಾಲಿಡಬಹುದು. ಅದೇ ಬಂಡೆ ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಯಾವ ಶೂವೂ ನಿಲ್ಲುವುದಿಲ್ಲ. ಬಂಡೆ ಮೇಲೆ ಉದುರಿದ ಗರಸು ಮೂರನೇ ಬಗೆ. ಕಣ್ಣಿಗೆ ಒಣಗಿದ್ದರೂ ಕಾಲಡಿ ಉರುಳುತ್ತದೆ. ಅಲ್ಲಿಂದ ಇಳಿದರೆ ಕೆಂಪು ಮಣ್ಣು, ಒಣಗಿದ ಹುಲ್ಲಿನ ಕೆಳಗೆ ಅಡಗಿದ ಕಲ್ಲು, ಲಂಟಾನ ಪೊದೆ, ಜಾಲಿ ಮುಳ್ಳು. ಇಷ್ಟೂ ನೂರು ಮೀಟರ್ ಒಳಗೆ ಬಂದು ಹೋಗಬಹುದು. ಡಾಂಬರಿನ ಮೇಲೆ ಸಾವಿರ ಹೆಜ್ಜೆಯೂ ಒಂದೇ ಥರ ಬೀಳುತ್ತವೆ. ಇಲ್ಲಿ ಒಂದು ಹೆಜ್ಜೆಯ ಹಾಗೆ ಇನ್ನೊಂದು ಇರುವುದಿಲ್ಲ. ಪಾದ ತಿರುಚಿಕೊಳ್ಳುವ ಮೊದಲೇ ಕಾಲಿನ ಸಣ್ಣ ಸ್ನಾಯುಗಳು ಸರಿಮಾಡಿಕೊಳ್ಳಬೇಕು, ಕಣ್ಣು ಮುಂದಿನದನ್ನು ಓದಬೇಕು, ತಲೆ ನಿರ್ಧಾರ ಮಾಡಬೇಕು.

ಇಷ್ಟೆಲ್ಲ ಗಮನ ಕೊಡುವಾಗ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ. ಆಫೀಸಿನ ಮೇಲ್, ಬ್ಯಾಂಕಿನ ಕಂತು, ನೆಂಟರ ಮನೆಯಲ್ಲಿ ಯಾರೋ ಅಂದ ಮಾತು ಎಲ್ಲ ತಾವಾಗಿಯೇ ಹೊರಗೆ ಹೋಗುತ್ತವೆ. ರಸ್ತೆ ಓಟದಲ್ಲಿ ಬೇಜಾರು ಕಳೆಯಲು ಕಿವಿಗೆ ಹಾಡು ಹಾಕಿಕೊಳ್ಳುತ್ತೇವೆ. ಬೆಟ್ಟದಲ್ಲಿ ಬೇಜಾರಾಗಲು ಪುರುಸೊತ್ತೇ ಇಲ್ಲ. ಗಂಟೆಗಟ್ಟಲೆ ಆಡಿದ ಮಕ್ಕಳು ಮನೆಗೆ ಬರಲು ಒಪ್ಪುವುದಿಲ್ಲವಲ್ಲ, ಆ ಖುಷಿಗೂ ಇದಕ್ಕೂ ಹತ್ತಿರದ ನಂಟಿದೆ ಅನ್ನಿಸುತ್ತದೆ. ನೋಟ ಚೆನ್ನಾಗಿರುತ್ತದೆ, ಗಾಳಿ ಚೆನ್ನಾಗಿರುತ್ತದೆ, ಎಲ್ಲ ನಿಜ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟದಿಂದ ಕಾಣುವ ಬಯಲು ಯಾರಿಗೆ ಬೇಡ? ಆದರೆ ನೋಟಕ್ಕಾಗಿ ಹೋಗುವವರು ಕಾರಿನಲ್ಲೂ ಹೋಗಬಹುದು. ಓಡುವವರನ್ನು ಮತ್ತೆ ಮತ್ತೆ ಕರೆಯುವುದು ಈ ಪೂರ್ತಿ ಮುಳುಗಿಹೋಗುವ ಗುಣ. ಕಷ್ಟವೂ ಇದರಿಂದಲೇ, ಸುಖವೂ ಇದರಿಂದಲೇ.

ಹೊಟ್ಟೆಯ ಕಥೆಗೆ ಬರೋಣ. ನಮ್ಮ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಅಂಶ ಒಟ್ಟು 400ರಿಂದ 500 ಗ್ರಾಂ. ಸುಮಾರು 2000 ಕ್ಯಾಲರಿ. ಎರಡು ಮೂರು ಗಂಟೆ ಜೋರಾಗಿ ದುಡಿದರೆ ಖಾಲಿಯಾಗುತ್ತಾ ಬರುತ್ತದೆ. ಬೆಟ್ಟದ ರೇಸ್ ಆರು ಗಂಟೆಯದ್ದು. ಹಾಗಾಗಿ ದಾರಿಯಲ್ಲೇ ತಿನ್ನಬೇಕು, ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಪಿಷ್ಟದಂತೆ. ಅಂಗಡಿಯಲ್ಲಿ ಇದಕ್ಕೆಂದೇ ಜೆಲ್ ಪೊಟ್ಟಣ ಸಿಗುತ್ತವೆ, ದುಬಾರಿ. ಮಂಡ್ಯದ ನೆರೆಯಲ್ಲಿದ್ದುಕೊಂಡು ಸಕ್ಕರೆಗೆ ಅಷ್ಟು ದುಡ್ಡು ಕೊಡಬೇಕಾ ಅನ್ನುವುದು ನನ್ನ ತಕರಾರು. ಅಚ್ಚು ಬೆಲ್ಲದ ತುಂಡು, ಖರ್ಜೂರ, ಕಡ್ಲೆ ಮಿಠಾಯಿ, ಬಾಳೆಹಣ್ಣು ಇದ್ದರೆ ಸಾಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಹತ್ತು ಗ್ರಾಂ ಬೆಲ್ಲ ಅಂದರೆ ಹೆಚ್ಚು ಕಮ್ಮಿ ಒಂಬತ್ತು ಗ್ರಾಂ ಸಕ್ಕರೆಯೇ. ಜೆಲ್ಲಿಗೆ ಒಂದು ಅನುಕೂಲ ಉಂಟು, ಏದುಸಿರಿನಲ್ಲೂ ನುಂಗಬಹುದು. ಕಡ್ಲೆ ಮಿಠಾಯಿಯನ್ನು ಏರಿನಲ್ಲಿ ಅಗಿಯಲು ಹೋಗಬೇಡಿ, ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ಎರಡು ಕಡೆಯೂ ಅಪಾಯವಿದೆ. ಕಮ್ಮಿ ಕುಡಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಜಾಸ್ತಿ ಕುಡಿದರೂ ಕೆಡುತ್ತದೆ ಅನ್ನುವುದು ಅಷ್ಟು ಗೊತ್ತಿಲ್ಲ. ಗಂಟೆಗಟ್ಟಲೆ ಬರೀ ನೀರು ಕುಡಿಯುತ್ತಲೇ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಬೆರಳು ಊದಿಕೊಳ್ಳುವುದು, ಕೊನೆಗೆ ಗಲಿಬಿಲಿ, ಎಚ್ಚರ ತಪ್ಪುವುದು. ಪ್ರಾಣಕ್ಕೂ ಕುತ್ತಾಗಬಹುದು. ಬಾಯಾರಿದಾಗ ಕುಡಿಯಿರಿ, ಬಲವಂತಕ್ಕೆ ಬೇಡ. ಉದ್ದದ ಓಟದಲ್ಲಿ ಉಪ್ಪಿನ ಅಂಶ ಇರುವ ಏನಾದರೂ ತಿನ್ನಿ, ಕುಡಿಯಿರಿ. ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ ನಮ್ಮಲ್ಲಿ ಮೊದಲಿಂದಲೂ ಇದೆ.

ಬೆಟ್ಟದ ಓಟದ ಅತಿ ದೊಡ್ಡ ಅಪಾಯ ಯಾವುದು ಅಂತ ಕೇಳಿದರೆ ನಾನು ಹವಾಮಾನ ಅನ್ನುತ್ತೇನೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಬೆಟ್ಟದ ರೇಸ್ ಇತ್ತು. 172 ಜನ ಹೊರಟರು. ಬಹಳಷ್ಟು ಜನರ ಮೈಮೇಲಿದ್ದದ್ದು ಟೀ ಶರ್ಟು, ಚಡ್ಡಿ. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಇರಲಿಲ್ಲ. ಮೇಲೆ ಹೋದಾಗ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಹೊಡೆಯಿತು. 21 ಜನ ಸತ್ತರು. ಅವರಲ್ಲಿ ಚೀನಾದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಕೂಡ ಇದ್ದರು. ಒಬ್ಬ ಕುರಿಗಾಹಿ ತಾನು ತಂಗುವ ಗುಹೆಗೆ ಕರೆದೊಯ್ದು, ಬೆಂಕಿ ಹಾಕಿ ಆರು ಜನರನ್ನು ಉಳಿಸಿದ.

ಯಾಕೆ ಹಾಗಾಯಿತು? ಎತ್ತರ 1000 ಮೀಟರ್ ಹೆಚ್ಚಿದರೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅದು ಸಣ್ಣ ವಿಷಯ. ಬೆವರಿ ಒದ್ದೆಯಾದ ಬಟ್ಟೆಗೆ ಗಾಳಿ ಬಡಿದಾಗ ಮೈ ಬಿಸಿ ಎಷ್ಟೋ ಪಟ್ಟು ಬೇಗ ಹೋಗುತ್ತದೆ. ಓಡುತ್ತಿರುವಷ್ಟು ಹೊತ್ತು ಮೈ ಬಿಸಿ ಹುಟ್ಟಿಸುತ್ತದೆ, ಸುಸ್ತಾಗಿ ನಿಧಾನವಾದ ಕ್ಷಣದಿಂದ ಅದೂ ಕಮ್ಮಿಯಾಗುತ್ತದೆ. ಕಾಲು ಉಳುಕಿ ಕೂತರೆ ಮುಗಿಯಿತು. ಅದಕ್ಕೇ ಒಳ್ಳೆಯ ರೇಸ್‌ಗಳಲ್ಲಿ ಮಳೆ ಜಾಕೆಟ್, ಸೀಟಿ, ತಲೆಗೆ ಕಟ್ಟುವ ಟಾರ್ಚು, ಬೆಳ್ಳಿ ಬಣ್ಣದ ತೆಳು ಹೊದಿಕೆ, ನೀರು, ಮೊಬೈಲು ಇವಿಲ್ಲದೆ ಹೊರಡಲು ಬಿಡುವುದಿಲ್ಲ. ಬಿಸಿಲಲ್ಲಿ ನಿಂತು ಆ ಪಟ್ಟಿ ಓದಿದಾಗ ಅತಿ ಅನ್ನಿಸುತ್ತದೆ. ಓದಿ ನಗುವವರನ್ನು ಕಂಡರೆ ನನಗೆ ಗಾನ್ಸು ನೆನಪಾಗುತ್ತದೆ.

ಮೈಸೂರು ಮಂಡ್ಯದಲ್ಲಿ ಚಳಿಗೆ ಯಾರೂ ಹೆಪ್ಪುಗಟ್ಟುವುದಿಲ್ಲ. ಇಲ್ಲಿನ ಅಪಾಯ ಬೇರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲಿನ ಮಳೆ ಬರುತ್ತದೆ. ಕುಂತಿ ಬೆಟ್ಟದಂಥ ಬೋಳು ಬಂಡೆಯ ಮೇಲೆ ಆಗ ನಿಂತಿರಬಾರದು. ಗುಡುಗು ಕೇಳಿದ ಕೂಡಲೇ ಇಳಿಯಬೇಕು, ಫೋಟೋ ಆಮೇಲೆ. ಬೇಸಿಗೆಯಲ್ಲಿ ಬಂಡೆ ಬೆಳಗ್ಗೆ ಒಂಬತ್ತಕ್ಕೇ ಕಾಯುತ್ತದೆ, ಕೆಳಗಿನಿಂದಲೂ ಬಿಸಿ ಹೊಡೆಯುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿ ನಮ್ಮ ಕಡೆ ಓಡಲು ಒಳ್ಳೆಯ ಕಾಲ.

ಇನ್ನು ಪ್ರಾಣಿಗಳು. ಈ ಎರಡೂ ಜಿಲ್ಲೆಗಳ ಕುರುಚಲು ಗುಡ್ಡಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ ಚಿರತೆ ಇರುವುದು ಗೊತ್ತಿರುವ ಸಂಗತಿ. ಮುಂಜಾನೆ ಕತ್ತಲಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬೇಡಿ. ಕಿವಿಗೆ ಏನೂ ಸಿಕ್ಕಿಸಿಕೊಳ್ಳಬೇಡಿ. ದೊಡ್ಡ ಬಂಡೆಗಳ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಸೆಂಟು ಹಾಕಿಕೊಂಡು, ಕೂಗಾಡಿಕೊಂಡು ಹತ್ತಿರ ಹೋಗಬಾರದು. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಬೇಕು. ಆದರೆ ನಿಜ ಹೇಳಬೇಕೆಂದರೆ ಓಡುವವರಿಗೆ ದಿನನಿತ್ಯದ ಕಾಟ ಇವ್ಯಾವುದೂ ಅಲ್ಲ, ಊರಂಚಿನ ನಾಯಿಗಳು. ಅದಕ್ಕೆ ಮದ್ದು ಒಂದೇ, ಓಟ ನಿಲ್ಲಿಸಿ ಸುಮ್ನೆ ನಡೆದುಕೊಂಡು ಹೋಗುವುದು.

ಎಲ್ಲಿ ಬೇಕಾದರಲ್ಲಿ ನುಗ್ಗುವಂತೆಯೂ ಇಲ್ಲ. ಮೇಲುಕೋಟೆ ಸುತ್ತ 1974ರಿಂದ ವನ್ಯಜೀವಿ ಧಾಮ ಇದೆ, ಸುಮಾರು 50 ಚದರ ಕಿಲೋಮೀಟರ್. ತೋಳಗಳಿಗೆ ಹೆಸರಾದ ಜಾಗ. ಕಾಯ್ದಿಟ್ಟ ಕಾಡಿನೊಳಗೆ ಕಾಲಿಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ದೇವಸ್ಥಾನಕ್ಕೆ ಹೋಗುವ ದಾರಿ, ಹಳ್ಳಿಯವರು ಬಳಸುವ ದಾರಿ ಇಷ್ಟರಲ್ಲೇ ನಮಗೆ ಬೇಕಾದಷ್ಟಿದೆ.

ರೇಸ್‌ಗಳ ಒಳಗಿನ ವಾತಾವರಣವೂ ಬೇರೆ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 100 ಮೈಲಿಯ ಒಂದು ಕುದುರೆ ರೇಸ್ ಇತ್ತು. ಕುದುರೆ 24 ಗಂಟೆಯೊಳಗೆ ಮುಟ್ಟಬೇಕು. ಗಾರ್ಡಿ ಐನ್ಸ್‌ಲೀ ಎಂಬಾತ ಕುದುರೆ ಇಲ್ಲದೆ ಕಾಲಲ್ಲೇ ಓಡಿ ಅಷ್ಟರೊಳಗೆ ಮುಟ್ಟಿದ. ಅದರಿಂದಲೇ ವೆಸ್ಟರ್ನ್ ಸ್ಟೇಟ್ಸ್ ಎಂಬ ಹೆಸರಾಂತ 100 ಮೈಲಿ ಓಟ ಹುಟ್ಟಿತು. ಅದರ ಗಡುವು 30 ಗಂಟೆ. 2015ರಲ್ಲಿ ಗನ್‌ಹಿಲ್ಡ್ ಸ್ವಾನ್ಸನ್ ಎಂಬ 70 ವರ್ಷದ ಅಜ್ಜಿ ಅದನ್ನು 29 ಗಂಟೆ 59 ನಿಮಿಷ 54 ಸೆಕೆಂಡಿನಲ್ಲಿ ಮುಗಿಸಿದರು. ಉಳಿದದ್ದು ಆರು ಸೆಕೆಂಡು. ಆ ವರ್ಷ ಗೆದ್ದವರಿಗಿಂತ ಜಾಸ್ತಿ ಜನ ನೆನಪಿಟ್ಟುಕೊಂಡಿರುವುದು ಆಕೆಯನ್ನು. ಈ ಆಟದಲ್ಲಿ ಕೊನೆಯವರಿಗೂ ಕಾಯುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ. ದಾರಿಯಲ್ಲಿ ಬಿದ್ದವರನ್ನು ಕಂಡರೆ ನಿಂತು ಸಹಾಯ ಮಾಡಲೇಬೇಕು ಅನ್ನುವುದು ಎಷ್ಟೋ ರೇಸ್‌ಗಳಲ್ಲಿ ಬರೆದಿಟ್ಟ ನಿಯಮ.

ಶುರು ಮಾಡುವುದು ಹೇಗೆ? ವಾರಕ್ಕೊಂದು ದಿನ ಡಾಂಬರು ಬಿಟ್ಟು ನಾಲೆ ಏರಿಗೋ, ಕೆರೆ ಏರಿಗೋ ಇಳಿಯಿರಿ. ನಾಲೆ ಏರಿಯಲ್ಲಿ ನೀರಿನ ಕಡೆಯ ಅಂಚು ಬಿಟ್ಟು ಓಡಿ, ಕೆಸರಾದರೆ ಅಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ತಿಂಗಳ ಮೇಲೆ ಶ್ರೀರಂಗಪಟ್ಟಣದ ಕರಿಘಟ್ಟಕ್ಕೆ ಹೋಗಿ. ಚಿಕ್ಕ ಬೆಟ್ಟ, ಮೆಟ್ಟಿಲೂ ಇದೆ, ರಸ್ತೆಯೂ ಇದೆ, ಕೆಳಗೆ ಲೋಕಪಾವನಿ. ಎರಡು ಮೂರು ಸಲ ಹತ್ತಿ ಇಳಿದರೆ ನಿಮ್ಮ ತೊಡೆಗಳ ಯೋಗ್ಯತೆ ನಿಮಗೇ ಗೊತ್ತಾಗುತ್ತದೆ. ಆಮೇಲೆ ಚಾಮುಂಡಿ. ಕಿಲೋಮೀಟರ್ ಎಣಿಸಬೇಡಿ, ಇವತ್ತು ಒಂದೂವರೆ ಗಂಟೆ ಬೆಟ್ಟದಲ್ಲಿರುತ್ತೇನೆ ಅಂತ ಹೊರಡಿ. ಶೂ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವವರು ಬಹಳ. ಅಡಿಯಲ್ಲಿ ಹಿಡಿತಕ್ಕೆ ನಾಲ್ಕೈದು ಮಿಲಿಮೀಟರ್ ಎತ್ತರದ ಉಬ್ಬುಗಳಿದ್ದು, ಇಳಿಯುವಾಗ ಬೆರಳು ಮುಂದಕ್ಕೆ ಗುದ್ದದಷ್ಟು ಜಾಗ ಇದ್ದರೆ ಆಯಿತು. ಗುದ್ದಿದರೆ ಉಗುರು ಕಪ್ಪಾಗುತ್ತದೆ.

ಮೊದಲ ರೇಸ್ ಆರಿಸುವಾಗ ಪೋಸ್ಟರಿನಲ್ಲಿ ದಪ್ಪಕ್ಷರದ ದೂರ ಬಿಟ್ಟು, ಮೂಲೆಯಲ್ಲಿರುವ ಏರಿನ ಅಂಕಿ ನೋಡಿ. 20 ಕಿ.ಮೀ., 600 ಮೀಟರ್ ಏರು ಅಂದರೆ ಎರಡು ಚಾಮುಂಡಿ, ಮೊತ್ತ 26. ಹೊಸಬರಿಗೆ ಅಷ್ಟು ಸಾಕು. ಗಡುವು ಎಷ್ಟು, ನೀರು ಎಷ್ಟು ಕಿಲೋಮೀಟರಿಗೊಮ್ಮೆ ಸಿಗುತ್ತದೆ, ಕೊನೆಯವರ ಹಿಂದೆ ಸ್ವಯಂಸೇವಕರು ಬರುತ್ತಾರಾ, ಮಳೆ ಬಂದರೆ ಏನು ಮಾಡುತ್ತಾರೆ ಅಂತ ಕೇಳಿ. ಏರು ಎಷ್ಟು ಅಂತ ಕೇಳಿದಾಗ ಸಂಘಟಕರು "ಸ್ವಲ್ಪ ಹತ್ತೋದಿದೆ ಸಾರ್, ಅಷ್ಟೇ" ಅಂದರೆ ದುಡ್ಡು ಕಟ್ಟುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.